ಷಡ್ಡಕನ ಫೋನು

ಗಡಿಯ ಸೇತುವೆ ದಾಟಿ ಬಸ್ಸಿನ ಮುಂದಿನ ಚಕ್ರ ಹೊಳೆಯಾಚೆಯ ದೇಶದ ನೆಲಕ್ಕೆ ತಾಗಿದ್ದೇ ತಡ, ನನ್ನ ಫೋನು ಸತ್ತುಹೋಯಿತು. ಪಕ್ಕದಲ್ಲಿ ಕೂತಿದ್ದ ನನ್ನ ಷಡ್ಡಕ ಪದ್ಮಪ್ರಸಾದನ ಫೋನಿಗೆ ಏನೂ ಆಗಲಿಲ್ಲ. ಆಗಲಿಲ್ಲ ಅಂದರೆ ಕಡಿಮೆ ಹೇಳಿದಂತೆ. ಅದರ ಪರದೆ ಮೊದಲಿಗಿಂತ ಜೋರಾಗಿ ಬೆಳಗತೊಡಗಿತು. ಅವನು ಅದನ್ನು ಕಿಟಕಿಗೆ ಹಿಡಿದು ಹೊಳೆಯ ಫೋಟೋ ತೆಗೆದ, ನಮ್ಮ ಮಾವನಿಗೆ ಕಳಿಸಿದ, ಮಾವ ತಕ್ಷಣ ಉತ್ತರ ಬರೆದರು. ನಾನು ನನ್ನದನ್ನು ಅಂಗೈಗೆ ಕುಟ್ಟಿದೆ, ಊದಿದೆ, ಪ್ಯಾಂಟಿಗೆ ಉಜ್ಜಿದೆ. ಬೇಕಾದ ಹೊತ್ತಿಗೆ ಕೈಕೊಡದ ವಸ್ತು ನನ್ನ ಹತ್ತಿರ ಯಾವತ್ತೂ ಇದ್ದಿದ್ದಿಲ್ಲ, ಹಾಗಾಗಿ ಅಷ್ಟೇನೂ ಆಶ್ಚರ್ಯಪಡದೆ ಜೇಬಿಗೆ ಹಾಕಿಕೊಂಡೆ.

ಪದ್ಮಪ್ರಸಾದ ನನ್ನ ಹೆಂಡತಿಯ ತಂಗಿಯ ಗಂಡ. ನಮ್ಮಿಬ್ಬರ ಮಾವ ಧರಣೇಂದ್ರಯ್ಯನವರು ನಮ್ಮೂರಿನಲ್ಲಿ ಸ್ಟೀಲ್ ಪಾತ್ರೆಗಳ ಕಾರ್ಖಾನೆ ನಡೆಸುವವರು. ನನಗೆ ಅವರು ಹೆಣ್ಣು ಕೊಟ್ಟ ಮಾವ ಮಾತ್ರವಲ್ಲ, ಸೋದರಮಾವ ಕೂಡ, ನನ್ನ ಅಮ್ಮನ ಅಣ್ಣ. ಅಪ್ಪ ತೀರಿಕೊಂಡ ಮೇಲೆ ನಾನು ಬೆಳೆದದ್ದು ಅವರ ಮನೆಯಲ್ಲಿ. ಆಮೇಲೆ ಕಟ್ಟಿಕೊಂಡದ್ದು ಅವರ ಹಿರಿಮಗಳು ಸುಗುಣಾಳನ್ನೇ. ಹೀಗಾಗಿ ನಾನು ಅಳಿಯನಾದೆನೇ ಹೊರತು ಅಳಿಯತನದ ಸುಖವನ್ನು ಒಂದು ದಿನವೂ ಕಾಣಲಿಲ್ಲ. "ಲೋ ಶಾಂತಿ, ಪ್ರೆಸ್ಸು ನಿಂತೋಗಿದೆಯಂತೆ, ಏನಾಗಿದೆ ನೋಡ್ಹೋಗೋ" ಎಂದು ಮದುವೆಗೆ ಮುಂಚೆ ಮಾವ ನನ್ನನ್ನು ಎಬ್ಬಿಸುತ್ತಿದ್ದರು. ಮದುವೆಯ ಮರುದಿನ ಬೆಳಿಗ್ಗೆಯೂ ಅದೇ ಮಾತಿನಿಂದ ಎಬ್ಬಿಸಿದರು.

ಪದ್ಮಪ್ರಸಾದ ಬಂದದ್ದು ಹೊರಗಿನಿಂದ. ದೊಡ್ಡ ಕಾಲೇಜಿನಲ್ಲಿ ವ್ಯವಹಾರ ಓದಿ, ತೆಳು ಬಣ್ಣದ ಅಂಗಿ ಹಾಕಿಕೊಂಡು, ಕಾರಿನಲ್ಲಿ ಬಂದ. ಅವನು ಬಾಗಿಲಲ್ಲಿ ಕಾಣಿಸಿಕೊಂಡರೆ ಮಾವ ಎದ್ದು ನಿಲ್ಲುತ್ತಾರೆ, "ಬನ್ನಿ ಅಳಿಯಂದಿರೇ" ಅನ್ನುತ್ತಾರೆ. ಕಿತ್ತಳೆ ಹಣ್ಣಿನ ತೊಳೆ ಬಿಡಿಸಿ, ಬಿಳಿ ನಾರನ್ನೂ ಒಂದೊಂದಾಗಿ ತೆಗೆದು, ತಟ್ಟೆಯಲ್ಲಿಟ್ಟು ತಾವೇ ಕೊಡುತ್ತಾರೆ. ಅತ್ತೆ ಹೋಳಿಗೆಗೆ ತುಪ್ಪ ಬಡಿಸುವಾಗ ಅವನ ಎಲೆಯ ಮೇಲೆ ಬಗ್ಗಿದ ಮಿಳ್ಳೆ ಮೇಲೇಳುವುದೇ ಇಲ್ಲ. ನನ್ನ ಎಲೆಗೆ ಬರುವ ಹೊತ್ತಿಗೆ "ನೀನು ಮನೆಯೋನು, ಬೇಕಾದ್ರೆ ಹಾಕ್ಕೊಳ್ಳೋ" ಎಂದು ಮಿಳ್ಳೆಯನ್ನೇ ಪಕ್ಕಕ್ಕಿಟ್ಟು ಹೋಗುತ್ತಾರೆ. ನೋಡಿ, ನನಗೆ ಅವನ ಮೇಲೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳುವುದರಲ್ಲಿ ಏನಿದೆ? ಅವನು ಒಳ್ಳೆಯವನು, ನನ್ನನ್ನು ಬಾಯಿತುಂಬ ಅಣ್ಣ ಅನ್ನುತ್ತಾನೆ. ಅದರಿಂದ ಉರಿ ಇನ್ನೂ ಹೆಚ್ಚೇ ಆಗುತ್ತದೆ.

ಮಾವನಿಗೆ ಪಾತ್ರೆಗಳ ಮೇಲೆ ಬೇಸರ ಬಂದಿತ್ತು. ವರ್ತಕರ ಸಂಘದಲ್ಲಿ ಯಾರ ಬಾಯಲ್ಲಿ ಕೇಳಿದರೂ ಹೊಳೆಯಾಚೆಯ ದೇಶದ ತಂತ್ರಜ್ಞಾನದ ಮಾತೇ. ಅಲ್ಲಿ ಈಗ ಬಂಡವಾಳ ಹೂಡಿದವನೇ ಜಾಣ, ಆಮೇಲೆ ಹೋದವನಿಗೆ ಚಿಪ್ಪು ಅಂತ ಎಲ್ಲರೂ ಹೇಳುತ್ತಿದ್ದರು. ಮಾವ ಕಾರ್ಖಾನೆಯನ್ನು ಬ್ಯಾಂಕಿಗೆ ಅಡವಿಟ್ಟಾದರೂ ಸರಿ, ಆ ದೇಶದ ಒಂದು ಕಂಪನಿಗೆ ಹಣ ಹಾಕಲೇಬೇಕು ಅಂತ ತೀರ್ಮಾನಿಸಿ, ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡರು. "ಹೋಗಿ ಕಣ್ಣಾರೆ ನೋಡ್ಕೊಂಡು ಬನ್ನಿ. ಯಾವ ಕಂಪನಿ ಅಂತ ಹೇಳಿ, ಬೇಡ ಅನ್ಸಿದ್ರೆ ಬೇಡ ಅನ್ನಿ. ಯಾರ ಮಾತು ಸರಿ ಅಂತ ನನ್ನ ಮನಸ್ಸಿಗೆ ಬರುತ್ತೋ, ನನ್ನ ನಂತರ ಈ ಕುರ್ಚಿ ಅವರದು" ಎಂದರು. ಕುರ್ಚಿ ಅಂದರೆ ಆಫೀಸಿನಲ್ಲಿ ಅವರು ಕೂರುವ ಮರದ ಕುರ್ಚಿ. ಅದರ ಕಾಲು ಸಡಿಲವಾದಾಗಲೆಲ್ಲ ಮೊಳೆ ಹೊಡೆದವನು ನಾನು. ಆ ಕುರ್ಚಿ ನನಗೆ ಬೇಕಿತ್ತು, ಅದರಲ್ಲಿ ಪದ್ಮಪ್ರಸಾದ ಕೂರುವುದನ್ನು ನೋಡಿಕೊಂಡು ನಾನು ಬದುಕಿರಲಾರೆ ಅನ್ನುವಷ್ಟು ಬೇಕಿತ್ತು.

ನಾವು ಇಳಿದುಕೊಂಡದ್ದು ಚೆನ್ನಾಜಮ್ಮ ಎಂಬ ವಿಧವೆಯ ಮನೆಯಲ್ಲಿ. ಮಹಡಿಯ ಕೋಣೆಗಳನ್ನು ಅವಳು ಬಂದುಹೋಗುವವರಿಗೆ ಬಾಡಿಗೆಗೆ ಕೊಡುತ್ತಿದ್ದಳು. ಆ ದೇಶದವರ ಮಾತು ನಮ್ಮದೇ, ನಡುವೆ ಹೊಳೆಯೊಂದಿದೆ ಅಷ್ಟೆ. ನಾನು ಚಾರ್ಜರ್ ಕೇಳಿದಾಗ ಅವಳು ಫೋನನ್ನು ತಿರುಗಿಸಿ ಮುರುಗಿಸಿ ನೋಡಿ ವಾಪಸು ಕೊಟ್ಟಳು.

"ಚಾರ್ಜರ್ ತಗೊಂಡು ಏನ್ಮಾಡ್ತೀರಪ್ಪ? ನಿಮ್ಮನ್ನ ಕಂಡ್ರೆ ಹೊಟ್ಟೆ ಉರ್ಕೊಳ್ಳೋರು ಇಲ್ಲಿ ಯಾರೂ ಇಲ್ಲ ಅಂತ ಕಾಣ್ಸುತ್ತೆ" ಅಂದಳು, ನಮ್ಮೂರ ನೀರು ಸ್ವಲ್ಪ ಗಡಸು ಅನ್ನುವ ಧಾಟಿಯಲ್ಲಿ.

"ನನ್ನದು ಓಡ್ತಿದೆಯಲ್ಲಮ್ಮ?" ಅಂದ ಪದ್ಮಪ್ರಸಾದ.

"ಹಾಗಾದ್ರೆ ನಿಮ್ಮ ಮೇಲೆ ಯಾರಿಗೋ ಹೊಟ್ಟೆಕಿಚ್ಚು ಭರ್ಜರಿಯಾಗಿದೆ, ಇಲ್ಲಿ ಎಲ್ಲ ಓಡೋದು ಅದರಿಂದಾನೇ. ಪುಣ್ಯವಂತರು ಬಿಡಿ."

ಅವನು ಕಾಲರ್ ಸರಿಮಾಡಿಕೊಂಡು ನಕ್ಕ. ಬಸ್‌ಸ್ಟ್ಯಾಂಡಿನಲ್ಲಿ ಯಾರೋ ತನ್ನ ಶೂಗಳನ್ನೇ ನೋಡುತ್ತಿದ್ದರು ಅಂದ. ನಾನೂ ನಕ್ಕೆ. ನಗುವಾಗ ನನ್ನ ಕಿವಿ ಸುಡುತ್ತಿತ್ತು, ಅವನ ಫೋನು ಅವನ ಜೇಬಿನೊಳಗಿಂದಲೇ ಬಟ್ಟೆ ತೂರಿ ಬೆಳಗುತ್ತಿತ್ತು.

ಆ ಊರಿನಲ್ಲಿ ಜನ ಒಬ್ಬರಿಗೊಬ್ಬರು ಎಷ್ಟು ಉಪಕಾರಿಗಳು ಅನ್ನುವುದನ್ನು ಹೇಳಲೇಬೇಕು. ಚೆನ್ನಾಜಮ್ಮ ದೋಸೆಗೆ ರುಬ್ಬುವ ಹೊತ್ತಿಗೆ ಎದುರುಮನೆಯ ಗಿರಿಜವ್ವ ಬಂದು ಹೊಸ್ತಿಲ ಮೇಲೆ ಕೂರುತ್ತಿದ್ದಳು. "ನಿನಗೇನವ್ವ, ಮಗ ತಿಂಗಳು ತಿಂಗಳು ಬಂದು ಕಾಲು ಒತ್ತಿ ಹೋಗ್ತಾನೆ. ನನ್ನ ಮಗನಿಗೆ ಹೆಂಡ್ತಿ ಜಡೆ ಬಿಟ್ರೆ ಬೇರೇನೂ ಕಾಣಂಗಿಲ್ಲ" ಎಂದು ಆಕೆ ಮನಸಾರೆ ನಿಟ್ಟುಸಿರು ಬಿಟ್ಟಳೆಂದರೆ ಗ್ರೈಂಡರ್ ಗರಗರ ತಿರುಗುತ್ತಿತ್ತು. ಹಿಟ್ಟು ನುಣ್ಣಗಾದ ಮೇಲೆ ಚೆನ್ನಾಜಮ್ಮ ಎದ್ದು ಹೋಗಿ, ಗಿರಿಜವ್ವನ ಪಂಪು ಓಡಿ ತೊಟ್ಟಿಗೆ ನೀರು ತುಂಬುವಷ್ಟು ಹೊತ್ತು ಅವಳ ನೋವಿಲ್ಲದ ಮಂಡಿಗಳಿಗೆ ಹೊಟ್ಟೆಕಿಚ್ಚುಪಟ್ಟು ಬರುತ್ತಿದ್ದಳು. ಊರಿನ ಬಸ್ಸು ಏರಿನಲ್ಲಿ ಏದುಸಿರು ಬಿಟ್ಟರೆ ಕಂಡಕ್ಟರು, "ನಮ್ಮ ಡ್ರೈವರಿಗೆ ಮಾವ ಹಸು ಕೊಟ್ಟವ್ರೆ ಕಣ್ರಪ್ಪೋ, ದಿನಾ ಗಟ್ಟಿಮೊಸರು!" ಎಂದು ಕೂಗುತ್ತಿದ್ದ, ಪ್ರಯಾಣಿಕರೆಲ್ಲ ಒಮ್ಮೆ ಉಗುಳು ನುಂಗಿಕೊಂಡರೆ ಬಸ್ಸು ಏರು ಹತ್ತುತ್ತಿತ್ತು. ಪೇಟೆಯ ದೊಡ್ಡ ಸಾಹುಕಾರನ ಬಂಗಲೆಯಲ್ಲಿ ಮಾತ್ರ ಎಣ್ಣೆದೀಪ. ಅಷ್ಟು ಎತ್ತರದಲ್ಲಿರುವವನ ಮೇಲೆ ಹೊಟ್ಟೆಕಿಚ್ಚುಪಡಲು ಯಾರಿಗೂ ಪುರುಸೊತ್ತಿರಲಿಲ್ಲ.

ಪದ್ಮಪ್ರಸಾದನದು ಹಾಗಲ್ಲ. ಬೆಳಿಗ್ಗೆ ಅವನ ಶೇವಿಂಗ್ ಮಿಷನ್ನು ಗುಂಯ್ ಎಂದು ಹಾಡುತ್ತಿತ್ತು. ನನ್ನದು ಕಲ್ಲಿನಂತೆ ಕೂತಿತ್ತು. ಅವನ ಕೆನ್ನೆ ನುಣ್ಣಗೆ, ನನ್ನ ಗಡ್ಡ ಕುರುಚಲು. ಆ ನುಣುಪು ಕಂಡು ನನಗೆ ಇನ್ನಷ್ಟು ಉರಿಯುತ್ತಿತ್ತು, ಮಿಷನ್ನು ಇನ್ನಷ್ಟು ಹಾಡುತ್ತಿತ್ತು. ದಿನವೂ ಬೆಳಿಗ್ಗೆ ಅವನು ಮಾವನ ಜೊತೆ ಫೋನಿನಲ್ಲಿ ಮುಖ ನೋಡಿಕೊಂಡು ಮಾತಾಡುತ್ತಿದ್ದ. "ಹೌದು ಮಾವ... ಇಲ್ಲ ಮಾವ... ನಾನು ವಿಚಾರಿಸ್ತೀನಿ ಮಾವ." ಮಾವನ ದನಿ ನೆಂಟರಿಗೆ ಮೀಸಲಾದ ಮೆತ್ತನೆಯ ದನಿ. ನನಗೆ ಮಾತಾಡಬೇಕಾದರೆ ಅವನ ಫೋನನ್ನೇ ಬೇಡಬೇಕು, ಬೇಡಲು ನನಗೆ ಮನಸ್ಸಿಲ್ಲ. ನನ್ನ ಫೋನಿನಲ್ಲಿ ಯಾರ ಕರೆ ಬಂದುಹೋಗುತ್ತಿತ್ತೋ ದೇವರೇ ಬಲ್ಲ.

ನಿಲ್ಲಿಸಲು ನಾನು ಪ್ರಯತ್ನಪಡಲಿಲ್ಲ ಅಂದುಕೊಳ್ಳಬೇಡಿ. ಷಡ್ಡಕನ ಫೋನಿಗೆ ನಾನು ಪುಕ್ಕಟೆ ಕರೆಂಟು ಪೂರೈಸುತ್ತಿದ್ದೇನೆ ಅನ್ನುವುದು ನೆನಪಾದಾಗಲೆಲ್ಲ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಕಣ್ಣು ಮುಚ್ಚಿ ಕೂತು ನನ್ನ ಸುಖಗಳನ್ನೆಲ್ಲ ನೆನೆಸಿಕೊಂಡೆ. ನನ್ನ ಸುಗುಣಾ ಇದ್ದಾಳೆ, ಒಳ್ಳೆಯವಳು. ಆದರೆ ಅವಳು "ತಂಗಿ ಗಂಡನ್ನ ನೋಡಿ, ಹೆಂಡ್ತಿ ಸೀರೆಗೆ ತಾವೇ ಫಾಲ್ಸ್ ಹೊಲಿಸಿಕೊಂಡು ಬರ್ತಾರೆ" ಅಂದದ್ದು ನೆನಪಾಯಿತು. ನನ್ನ ಮಗಳಿದ್ದಾಳೆ, ಚಿಕ್ಕಪ್ಪನ ಕಾರು ಕಂಡರೆ ಊಟ ಬಿಟ್ಟು ಓಡುತ್ತಾಳೆ. ಎಲ್ಲಿಂದ ಹೊರಟರೂ ಅವನಲ್ಲಿಗೇ ಬಂದು ತಲುಪುತ್ತಿದ್ದೆ. ಕಣ್ಣು ಬಿಟ್ಟು ನೋಡಿದರೆ ಅವನು ಫೋನಿನ ಬೆಳಕು ಕಣ್ಣು ಕುಕ್ಕುತ್ತದೆಂದು ಅದರ ಮೇಲೆ ಕರವಸ್ತ್ರ ಹೊದಿಸುತ್ತಿದ್ದ.

ಹಗಲೆಲ್ಲ ನಾವು ಕಂಪನಿಗಳನ್ನು ಸುತ್ತಿದೆವು. ಗಂಟೆಯ ಲೆಕ್ಕದಲ್ಲಿ ಹೊಟ್ಟೆಕಿಚ್ಚಿನವರನ್ನು ಬಾಡಿಗೆಗೆ ಕಳಿಸುವ ಒಂದು ಕಂಪನಿಯಿತ್ತು. ಕೆಲಸದವರು ಸಂಬಳ ಸಾಲದೆಂದು ಮುಷ್ಕರ ಹೂಡಿದ್ದರು. ಮನೆಯ ಸುಖವನ್ನು ಅಕ್ಕಪಕ್ಕದವರ ಕಣ್ಣಿಗೆ ಬೀಳುವಂತೆ ಗೋಡೆಯ ಮೇಲೆ ತೋರಿಸುವ ಯಂತ್ರ ಮಾಡುವವರಿದ್ದರು. ಆದರೆ ಆ ಯಂತ್ರ ಓಡಬೇಕಾದರೆ ಮೊದಲು ಯಾರಾದರೂ ಹೊಟ್ಟೆಕಿಚ್ಚುಪಡಬೇಕಿತ್ತು. ಪದ್ಮಪ್ರಸಾದ ಎಲ್ಲ ಕಡೆಯೂ ಮಾರುಕಟ್ಟೆ ಎಷ್ಟು, ಪೈಪೋಟಿ ಯಾರು, ಕಚ್ಚಾವಸ್ತು ಎಲ್ಲಿಂದ ಅಂತ ಕೇಳುತ್ತಿದ್ದ. ಎಷ್ಟು ಚೆನ್ನಾಗಿ ಕೇಳುತ್ತಿದ್ದ! ನನಗೂ ಅವೇ ಪ್ರಶ್ನೆಗಳು ಹೊಳೆಯುತ್ತಿದ್ದವು, ಅವನು ಕೇಳಿ ಮುಗಿಸಿದ ಮೇಲೆ.

ಕೊನೆಗೆ ಅವನ ಮನಸ್ಸಿಗೆ ಹಿಡಿದದ್ದು ಸಿದ್ದವೀರ ಎಂಬುವನ ಕಂಪನಿ. ಸಿದ್ದವೀರ ಸಣಕಲ ಮನುಷ್ಯ, ಮಾತಾಡುವಾಗ ಕೈ ಹೊಸೆಯುತ್ತಿದ್ದ. ಅವನು ಮಾಡಿದ್ದು ಹೊಟ್ಟೆಕಿಚ್ಚನ್ನು ಕೂಡಿಡುವ ಪೆಟ್ಟಿಗೆ. ಅಕ್ಕಿ ಡಬ್ಬದಷ್ಟು ದೊಡ್ಡದು, ಮೇಲೊಂದು ಗಾಜು, ಗಾಜಿನೊಳಗೆ ಮುಳ್ಳು. ಎದುರಿಗೆ ಯಾರಾದರೂ ಕೂತು ಹೊಟ್ಟೆ ಉರಿದುಕೊಂಡರೆ ಮುಳ್ಳು ಏರುತ್ತದೆ. ತುಂಬಿದ ಪೆಟ್ಟಿಗೆಯಿಂದ ಆಮೇಲೆ ಯಾರ ಮನೆಯ ಏನನ್ನು ಬೇಕಾದರೂ ಓಡಿಸಬಹುದು, ನೆರೆಯವರನ್ನು ಕರೆಯುವ ಹಂಗಿಲ್ಲ. ಯೋಚನೆ ಚೆನ್ನಾಗಿತ್ತು. ಆದರೆ ಅವನ ಕೆಲಸದವರು ಬೆಂಚಿನ ಮೇಲೆ ಸಾಲಾಗಿ ಕೂತು, ಪಕ್ಕದವನ ಹೊಸ ಮನೆ, ಓರಗಿತ್ತಿಯ ಬೆಂಡೋಲೆ ಅಂತ ಗೊಣಗುತ್ತಿದ್ದರೂ ಮುಳ್ಳು ತಳದಲ್ಲೇ ತೂಕಡಿಸುತ್ತಿತ್ತು. ದಿನವಿಡೀ ಕೂತರೆ ಒಂದು ಫ್ಯಾನು ತಿರುಗುವಷ್ಟು ಬರುತ್ತಿತ್ತಂತೆ.

"ನಮ್ಮ ಜನದ್ದು ಉಪಕಾರಕ್ಕೆ ಪಡೋ ಹೊಟ್ಟೆಕಿಚ್ಚು ಸಾರ್, ಸತ್ವ ಇಲ್ಲ" ಎಂದು ಸಿದ್ದವೀರ ಕೈ ಹೊಸೆದ. "ಹೊರದೇಶದವರು, ತಾವೊಂದ್ಸಲ ಕೂತು ನೋಡ್ತೀರಾ?"

ಮೊದಲು ಪದ್ಮಪ್ರಸಾದ ಕೂತ. ಹಣೆ ಗಂಟಿಕ್ಕಿದ, ತುಟಿ ಕಚ್ಚಿದ, ಕಣ್ಣು ಮುಚ್ಚಿ ತುಂಬ ಹೊತ್ತು ಯೋಚಿಸಿದ. ಮುಳ್ಳು ಅಲುಗಲಿಲ್ಲ. "ಯಾರ ಮೇಲೆ ಪಡಬೇಕು ಅಂತಾನೇ ಹೊಳೀತಿಲ್ಲ ಅಣ್ಣ" ಎಂದು ನಗುತ್ತ ಎದ್ದ. ಈ ಪ್ರಪಂಚದಲ್ಲಿ ಯಾರ ಮೇಲೂ ಹೊಟ್ಟೆಕಿಚ್ಚಿಲ್ಲದ ಮನುಷ್ಯ! ಅದೊಂದು ಭಾಗ್ಯ ಬಾಕಿಯಿತ್ತು, ಅದೂ ಅವನಿಗೇ ಸಿಕ್ಕಿತ್ತು. ಆ ಕೋಪದಲ್ಲೇ ಹೋಗಿ ನಾನು ಸ್ಟೂಲಿನ ಮೇಲೆ ಕೂತೆ. ಪೂರ್ತಿ ಕೂತಿರಲೂ ಇಲ್ಲ, ಮುಳ್ಳು ಜಿಗಿದು ಗಾಜಿನ ಅಂಚಿಗೆ ಬಡಿಯಿತು. ಪೆಟ್ಟಿಗೆ ಬಿಸಿಯಾಗಿ ಹೂಂಗುಟ್ಟತೊಡಗಿತು. ಗೋಡೆಯ ಫ್ಯಾನುಗಳೆಲ್ಲ ಒಮ್ಮೆಲೇ ತಿರುಗಿದವು, ಮೂಲೆಯಲ್ಲಿ ಯಾವ ಕಾಲದಿಂದಲೋ ಕೆಟ್ಟು ಬಿದ್ದಿದ್ದ ರೇಡಿಯೋ ಹವಾಮಾನ ವರದಿ ಓದಿತು. ಕೆಲಸದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸಿದ್ದವೀರನ ಕಣ್ಣಲ್ಲಿ ನೀರು.

"ಯಾರ ಮೇಲೆ ಅಣ್ಣ?" ಅಂದ ಪದ್ಮಪ್ರಸಾದ, ಬೆರಗಿನಿಂದ.

"ನಮ್ಮೂರಲ್ಲೊಬ್ಬ ಇದಾನೆ. ನಿಮಗೆ ಗೊತ್ತಿಲ್ಲ ಬಿಡಿ" ಅಂದೆ.

ಅವನು ನಂಬಿದ. ಅಲ್ಲಿಯೇ ನಿಂತು ಮಾವನಿಗೆ ಫೋನು ಹಚ್ಚಿ, ಪೆಟ್ಟಿಗೆಯನ್ನು ತೋರಿಸಿ, "ಕೂತ ತಕ್ಷಣ ತುಂಬಿಹೋಯ್ತು ಮಾವ! ಇವರಿಗೆ ಸಿಗದೇ ಇರೋ ಕಚ್ಚಾವಸ್ತು ನಮ್ಮೂರಲ್ಲಿ ಬೀದಿ ಬೀದೀಲಿ ಬಿದ್ದಿದೆ. ನಮ್ಮ ಜನರನ್ನ ಇಲ್ಲಿಗೆ ಕರ್ಕೊಂಡು ಬಂದು ಕೂರಿಸಿದ್ರೆ ಮುಗೀತು" ಎಂದ. ಮಾವ, "ತಮಗೆ ಸರಿ ಅನ್ಸಿದ್ರೆ ಸರಿ ಅಳಿಯಂದಿರೇ" ಅಂದದ್ದು ನನಗೂ ಕೇಳಿಸಿತು. ಬ್ಯಾಂಕಿನವರ ಹತ್ತಿರ ಮಾತಾಡಲು ಅವರು ಅವತ್ತೇ ಹೊರಟರು.

ಮರುದಿನ ಪದ್ಮಪ್ರಸಾದ ಕಂಪನಿಗಾಗಿ ಜಾಗ ನೋಡಲು ಪೇಟೆಯ ಇನ್ನೊಂದು ಕೊನೆಗೆ ಹೋಗಿದ್ದಾಗ ಸಿದ್ದವೀರ ನನ್ನನ್ನು ಒಬ್ಬನನ್ನೇ ಕರೆಸಿಕೊಂಡ. ಇನ್ನೊಂದು ಪೆಟ್ಟಿಗೆ ತುಂಬಿಸಿಕೊಡಬೇಕಂತೆ. ಖುಷಿಯಿಂದ ಹೋಗಿ ಕೂತೆ. ಎಷ್ಟಾದರೂ ಯಾವುದೋ ಒಂದು ವಿಷಯದಲ್ಲಿ ನಾನು ಷಡ್ಡಕನಿಗಿಂತ ಮೇಲು ಅಂತ ಆ ಊರಿಗೆ ಗೊತ್ತಾಗಿತ್ತಲ್ಲ. ಆದರೆ ಮುಳ್ಳು ಮೇಲೇಳಲಿಲ್ಲ. ತುಪ್ಪದ ಮಿಳ್ಳೆ ನೆನೆಸಿಕೊಂಡೆ, ಕಾರು ನೆನೆಸಿಕೊಂಡೆ. ಮುಳ್ಳು ಸ್ವಲ್ಪ ಕಂಪಿಸಿ ಮತ್ತೆ ಮಲಗಿತು. ಎದುರಿಗೆ ಅವನ ನುಣ್ಣನೆಯ ಕೆನ್ನೆ ಇಲ್ಲ, ಅಣ್ಣ ಅನ್ನುವ ಆ ದನಿ ಇಲ್ಲ. ಸಿದ್ದವೀರ ತನ್ನ ತಮ್ಮನ ಹೊಸ ಬೈಕು ತೋರಿಸಿದ, ಸೋದರತ್ತೆಯ ಮಾವಿನ ತೋಪಿನ ಫೋಟೋ ತೋರಿಸಿದ. ಗುರುತಿಲ್ಲದವರ ಬೈಕಿನಿಂದ ನನಗೇನು? ಅಷ್ಟರಲ್ಲಿ ಪದ್ಮಪ್ರಸಾದ ವಾಪಸು ಬಂದು ಹೊರಗಿನಿಂದಲೇ "ಅಣ್ಣ, ಊಟ ಆಯ್ತಾ?" ಅಂದ. ಮುಳ್ಳು ಸರ್ರನೆ ಎದ್ದು ಗಾಜಿಗೆ ಬಡಿಯಿತು.

ಸಿದ್ದವೀರ ಬಾಗಿಲನ್ನು ನೋಡಿದ, ಮುಳ್ಳನ್ನು ನೋಡಿದ, ನನ್ನನ್ನು ನೋಡಿದ. ಬೆಪ್ಪನಲ್ಲ ಅವನು. ನನ್ನ ಕೈ ಹಿಡಿದುಕೊಂಡು ಪಿಸುಗುಟ್ಟಿದ: "ಹೇಳಬೇಡಿ ಸಾರ್. ಯಾರಿಗೂ ಹೇಳಬೇಡಿ. ನಿಮ್ಮ ಷಡ್ಡಕರು ಸಹಿ ಹಾಕಿಸಿಬಿಡ್ಲಿ, ಆಮೇಲೆ ಏನಾದ್ರೂ ದಾರಿ ಹುಡುಕ್ತೀನಿ."

ದಾರಿ ಏನೂ ಇಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಇದು ಅಂಗಡಿಯಲ್ಲಿ ಸಿಗುವ ಸರಕಲ್ಲ. ಒಂದೇ ಮನೆಯಲ್ಲಿ, ಒಂದೇ ಪಂಕ್ತಿಯಲ್ಲಿ, ಒಂದೇ ಮಿಳ್ಳೆಯ ತುಪ್ಪ ನೋಡಿಕೊಂಡು ವರ್ಷಗಟ್ಟಲೆ ಹದ ಮಾಡಿದ ಹೊಟ್ಟೆಕಿಚ್ಚು ಅದು. ನಮ್ಮೂರಿನಿಂದ ಬಸ್ಸುಗಟ್ಟಲೆ ಜನ ತಂದು ಪೆಟ್ಟಿಗೆಗಳ ಮುಂದೆ ಕೂರಿಸಿದರೆ ಅವರೂ ಇಲ್ಲಿಯವರ ಹಾಗೆ ಆಕಳಿಸುತ್ತಾರೆ. ಹಣ ಮುಳುಗುತ್ತದೆ. ಮುಳುಗಿದರೆ ಹೆಸರು ಕೆಡುವುದು ಪದ್ಮಪ್ರಸಾದನದು. ನಾನು ಒಂದು ಮಾತೂ ಆಡಬೇಕಾಗಿಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಮಾವ ಮತ್ತೆಂದೂ ಅವನಿಗಾಗಿ ಕಿತ್ತಳೆ ಮುಟ್ಟುವುದಿಲ್ಲ. ಅವನು ಕಾರು ಮಾರುತ್ತಾನೆ. ಹಬ್ಬಕ್ಕೆ ಬಂದರೆ ಬಾಗಿಲ ಹತ್ತಿರ ತಾನೇ ಒಂದು ಜಾಗ ಹುಡುಕಿಕೊಂಡು ಕೂರುತ್ತಾನೆ. ಇದನ್ನೆಲ್ಲ ನೆನೆಸಿಕೊಂಡು ಚೆನ್ನಾಜಮ್ಮನ ದೋಸೆ ಎರಡು ಹೆಚ್ಚೇ ತಿಂದೆ. ಅಂಥ ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಸಹಿಯ ದಿನ ಬೆಳಿಗ್ಗೆ ನಾವು ಚೆನ್ನಾಜಮ್ಮನ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದೆವು. ಅವಳು ಪಕ್ಕದಲ್ಲಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಪದ್ಮಪ್ರಸಾದ ಫೋನನ್ನು ಲೋಟಕ್ಕೆ ಆನಿಸಿ ನಿಲ್ಲಿಸಿ, ಎಲ್ಲರಿಗೂ ಕೇಳುವಂತೆ ಇಟ್ಟುಕೊಂಡು ಮಾವನ ಜೊತೆ ಮಾತಾಡುತ್ತಿದ್ದ.

"ಬ್ಯಾಂಕಿನವರು ಬಂದು ಕೂತಿದ್ದಾರೆ ಅಳಿಯಂದಿರೇ. ಪತ್ರ ಎಲ್ಲ ಮುಂದಿದೆ. ಹಾಕಲೇ?"

"ಹಾಕಿ ಮಾವ, ಧೈರ್ಯವಾಗಿ ಹಾಕಿ."

"ಶಾಂತಿ ಏನಂತಾನೆ? ಅಲ್ಲೇ ಇದಾನಾ ಅವನು?"

ಪದ್ಮಪ್ರಸಾದ ಫೋನನ್ನು ನನ್ನ ಕಡೆಗೆ ತಿರುಗಿಸಿದ. ಪರದೆಯ ತುಂಬ ಮಾವನ ಮುಖ, ಕನ್ನಡಕ ಮೂಗಿನ ತುದಿಗೆ ಜಾರಿತ್ತು.

"ಲೋ ಶಾಂತಿ, ಎಲ್ಲಿ ಹಾಳಾಗಿ ಹೋಗಿದ್ದೀಯೋ? ಮಾಡಿದ್ರೆ ಎತ್ತಲ್ಲ. ನಿಮ್ಮತ್ತೆ ಇಲ್ಲಿ ಒಂದೇ ಸಮ ನನ್ನ ಪ್ರಾಣ ತಿಂತಿದಾಳೆ."

"ಫೋನ್ ಕೆಟ್ಟಿದೆ ಮಾವ."

"ನಿಂದು ಯಾವತ್ತು ನೆಟ್ಟಗಿತ್ತು. ಹೇಳು, ಹಾಕ್ಲಾ ಸಹಿ?"

ಹೂಂ ಅಂದರೆ ಮುಗಿಯುತ್ತಿತ್ತು. ಹೂಂ ನಾಲಿಗೆಯ ತುದಿಯಲ್ಲೇ ಇತ್ತು. ಪದ್ಮಪ್ರಸಾದ ಆಗಲೇ ಎದ್ದು, ಕಿಟಕಿಯ ಗಾಜಿನಲ್ಲಿ ಕ್ರಾಪು ನೋಡಿಕೊಳ್ಳುತ್ತಿದ್ದ. ಮಾವನ ಹಿಂದೆ ಕಾರ್ಖಾನೆಯ ಪ್ರೆಸ್ಸು ಧಡ್ ಧಡ್ ಎಂದು ಬಡಿಯುತ್ತಿದ್ದದ್ದು ಕೇಳಿಸುತ್ತಿತ್ತು. ಆ ಸದ್ದಿನಲ್ಲೇ ನಾನು ಪಾಠ ಓದಿಕೊಂಡದ್ದು, ಆ ಸದ್ದಿನಲ್ಲೇ ನಿದ್ದೆ ಮಾಡಿದ್ದು. ಮಾವ ಪೆನ್ನಿನ ಮುಚ್ಚಳ ತೆಗೆದು ಬಾಯಲ್ಲಿ ಕಚ್ಚಿಕೊಂಡಿದ್ದರು. ನಾನು ಹೂಂ ಅಂದರೆ ಇವತ್ತು ಷಡ್ಡಕ ಬೀಳುವುದಕ್ಕೆ ಮೊದಲೇ ಇವರು ಬೀಳುತ್ತಾರೆ. ಆ ಪ್ರೆಸ್ಸನ್ನು ಯಾರೋ ಬಿಚ್ಚಿ ಲಾರಿಗೆ ಹಾಕಿಕೊಂಡು ಹೋಗುವಾಗ ಇವರು ಅದೇ ಕುರ್ಚಿಯಲ್ಲಿ ಕೂತು ನೋಡುತ್ತಿರುತ್ತಾರೆ.

"ಬೇಡ ಮಾವ" ಅಂದೆ.

ಪದ್ಮಪ್ರಸಾದ ತಿರುಗಿ ನೋಡಿದ.

"ಯಾಕೋ?"

"ಆ ಪೆಟ್ಟಿಗೆ ನಡಿಯಲ್ಲ."

"ತುಂಬಿಹೋಯ್ತು ಅಂದ್ರಲ್ಲೋ ಅಳಿಯಂದ್ರು?"

"ತುಂಬಿದ್ದು ನಿಜ. ತುಂಬಿಸಿದ್ದು ನಾನು. ನಂಗೆ ಪ್ರಸಾದ್ ಮೇಲೆ ಹೊಟ್ಟೆಕಿಚ್ಚು ಮಾವ. ಅವರು ಪಕ್ಕದಲ್ಲಿ ಇದ್ರೆ ತುಂಬುತ್ತೆ, ಇಲ್ದಿದ್ರೆ ಇಲ್ಲ. ಇಷ್ಟು ಹೊಟ್ಟೆಕಿಚ್ಚು ನಿಮಗೆ ಇನ್ನೆಲ್ಲಿ ಹುಡುಕಿದ್ರೂ ಸಿಗಲ್ಲ. ಇವರ ಫೋನು ಓಡ್ತಿರೋದೂ ಅದರಿಂದಾನೇ."

ಚೆನ್ನಾಜಮ್ಮನ ಕೈ ಮೊರದಲ್ಲೇ ನಿಂತಿತು. ಪದ್ಮಪ್ರಸಾದ ಫೋನನ್ನೂ ನನ್ನನ್ನೂ ಒಮ್ಮೆ ನೋಡಿ ಮೆಲ್ಲಗೆ ಕೂತುಕೊಂಡ.

"ಹೊಟ್ಟೆಕಿಚ್ಚಾ?" ಅಂದರು ಮಾವ. "ನಿನಗ್ಯಾತಕ್ಕೋ?"

"ನೀವು ಅವರಿಗೆ ಕಿತ್ತಳೆ ಸುಲಿದು ಕೊಡ್ತೀರಿ."

ಅದನ್ನು ಹೇಳಬೇಕೆಂದಿರಲಿಲ್ಲ, ಬಾಯಿಂದ ಬಂದುಬಿಟ್ಟಿತು. ಗಡ್ಡ ನರೆತ ಗಂಡಸು ನಾನು. ನಾಚಿಕೆಯಿಂದ ಕಾಫಿ ಲೋಟದೊಳಗೆ ಹೊಕ್ಕುಬಿಡೋಣ ಅನ್ನಿಸಿತು.

"ಲೋ ಕತ್ತೆ!" ಮಾವನ ದನಿಗೆ ಲೋಟ ಅದುರಿತು. "ಅವರು ದೊಡ್ಡ ಮನೆಯಿಂದ ಬಂದೋರು ಕಣೋ. ಎಲ್ಲಿ ಏನು ಕಮ್ಮಿ ಆಯ್ತು ಅಂತ ಬೀಗರು ಆಡ್ಕೊಂಡಾರು ಅಂತ ನಾರು ಬಿಡಿಸಿ ಬಿಡಿಸಿ ನನ್ನ ಬೆನ್ನು ಬಿದ್ದೋಗುತ್ತೆ. ಇವರು ಯಾವಾಗ ಎದ್ದು ಹೋಗ್ತಾರೋ, ಯಾವಾಗ ಕಾಲು ಚಾಚ್ಕೊಳ್ಳೋಣ ಅಂತ ಕಾಯ್ತಿರ್ತೀನಿ. ನಿನಗ್ಯಾಕೋ ಸುಲಿದು ಕೊಡ್ಲಿ? ನನ್ನ ತಟ್ಟೇಲಿರೋದನ್ನ ಕಿತ್ಕೊಂಡು ತಿನ್ನೋ ನನ್ಮಗ ನೀನು! ನಾಚ್ಕೆ ಆಗಲ್ವೇನೋ ಈ ವಯಸ್ಸಲ್ಲಿ?" ಆಮೇಲೆ ಅತ್ತ ತಿರುಗಿ ಯಾರಿಗೋ, "ಏಳಿ ಸ್ವಾಮಿ, ಏಳಿ. ಸಹಿ ಇಲ್ಲ, ಏನಿಲ್ಲ. ನಮ್ಮ ಹುಡುಗ ಬೇಡ ಅಂದ" ಎಂದರು. ಕುರ್ಚಿ ಸರಿದ ಸದ್ದು ಕೇಳಿಸಿತು. ಮಾವ ಮತ್ತೆ ಪರದೆಯ ಹತ್ತಿರ ಬಂದರು. "ಇನ್ನು ಕುರ್ಚಿ ವಿಷಯ. ಕೇಳಿಲ್ಲಿ ಇಬ್ರೂ..."

ನಾನು ಪದ್ಮಪ್ರಸಾದನ ಮುಖ ನೋಡಿದೆ. ಯಾವಾಗ ಎದ್ದು ಹೋಗ್ತಾರೋ ಅನ್ನುವ ಮಾತು ಅವನ ಮುಖದ ಮೇಲೆ ಇನ್ನೂ ಕೂತಿತ್ತು. ಪಾಪ ಅನ್ನಿಸಿತು. ಜನ್ಮದಲ್ಲಿ ಮೊದಲ ಸಲ ಅವನನ್ನು ನೋಡಿ ಪಾಪ ಅನ್ನಿಸಿತು, ಅವನ ಫೋನು ಆರಿಹೋಯಿತು.

ಅವನು ಅದನ್ನು ಕುಟ್ಟಿದ, ಊದಿದ, ಪ್ಯಾಂಟಿಗೆ ಉಜ್ಜಿದ.

"ಅಣ್ಣ... ಈಗ ಇಲ್ವಾ?"

"ಇಲ್ಲ ಪ್ರಸಾದ್."

"ಸ್ವಲ್ಪನೂ?"

"ಹುಡುಕ್ತಿದೀನಿ ತಡೀರಿ."

"ಒಂದ್ನಿಮಿಷ ಪಡಿ ಅಣ್ಣ, ದಮ್ಮಯ್ಯ. ಕುರ್ಚಿ ವಿಷಯ ಅಂದ್ರು ಮಾವ."

ನಾನು ಪ್ರಾಮಾಣಿಕವಾಗಿ ಪ್ರಯತ್ನಪಟ್ಟೆ. ಕಾರು ಮನಸ್ಸಿಗೆ ತಂದುಕೊಂಡೆ, ಅದರಲ್ಲಿ ಅವನು ಒಬ್ಬನೇ ಕೂತಿದ್ದ. ತುಪ್ಪ ತಂದುಕೊಂಡೆ, ಸಾಕು ಅನ್ನಲು ಬಾಯಿ ಬರದೆ ಅವನು ಎಲೆಯನ್ನೇ ನೋಡುತ್ತಿದ್ದ. ಕಿತ್ತಳೆ ಹಣ್ಣಿನ ಹಿಂದೆ ಮಾವ ಬೆನ್ನು ಹಿಡಿದುಕೊಂಡು ನಿಂತಿದ್ದರು. ಒಂದೂ ಹೊತ್ತಿಕೊಳ್ಳಲಿಲ್ಲ. ಚೆನ್ನಾಜಮ್ಮ, "ಬಲವಂತಕ್ಕೆ ಬರಲ್ಲಪ್ಪ ಅದು" ಎಂದು ಮತ್ತೆ ಅಕ್ಕಿಗೆ ಕೈಯಾಡಿಸಿದಳು.

ಪದ್ಮಪ್ರಸಾದ ಆರಿದ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆ ನೋಡುತ್ತ ಕೂತ. ಗೋಡೆಗೇ ಹೇಳುವವನಂತೆ ಹೇಳಿದ: "ನನಗೆ ಒಂದ್ಸಲನೂ ಕತ್ತೆ ಅಂದಿಲ್ಲ ಮಾವ. ಅವರ ಮನೇಲಿ ನಾನು ಇನ್ನೂ ಅಡುಗೆಮನೆ ಹೊಸ್ತಿಲು ದಾಟಿಲ್ಲ. ನಮ್ಮ ಹುಡುಗ ಅಂದ್ರಲ್ಲ ನಿಮ್ಮನ್ನ, ಬ್ಯಾಂಕಿನವರ ಎದುರಿಗೆ. ನಮ್ಮ ಹುಡುಗ ಬೇಡ ಅಂದ ಅಂತ ಪತ್ರ ಎತ್ತಿಟ್ಟುಬಿಟ್ರಲ್ಲ..."

ಆಗ ನನ್ನ ಅಂಗಿಯ ಜೇಬು ಬೆಚ್ಚಗಾಯಿತು. ಬಟ್ಟೆಯೊಳಗಿಂದ ಬೆಳಕು ಬಿತ್ತು, ಫೋನು ಗಟ್ಟಿಯಾಗಿ ಹೊಡೆದುಕೊಳ್ಳತೊಡಗಿತು. ತೆಗೆದು ನೋಡಿದರೆ ಮಾವ. ಪರದೆ ಎಷ್ಟು ಬೆಳಗುತ್ತಿತ್ತೆಂದರೆ ನಾನು ಕಣ್ಣು ಕಿರಿದು ಮಾಡಬೇಕಾಯಿತು. ಪದ್ಮಪ್ರಸಾದ ಫೋನು ನೋಡಿದ, ನನ್ನ ಮುಖ ನೋಡಿದ, ತಟ್ಟನೆ ಮುಖ ಆ ಕಡೆ ತಿರುಗಿಸಿಕೊಂಡ. ಅವನ ಕಿವಿಗಳು ಕೆಂಪಗಾಗಿದ್ದವು. ಆ ಕೆಂಪು ಎಷ್ಟು ಸುಡುತ್ತದೆಂದು ನನ್ನಷ್ಟು ಬಲ್ಲವರು ಯಾರಿದ್ದಾರೆ?

"ಎತ್ತಿ ಅಣ್ಣ" ಅಂದ, ತಿರುಗದೆಯೇ. "ಕುರ್ಚಿ ವಿಷಯಾನೇ ಇರುತ್ತೆ."

ಕುರ್ಚಿಯ ವಿಷಯವೇ ಇರಬೇಕು. ಎತ್ತಬೇಕಿತ್ತು, ಮಾವನನ್ನು ಕಾಯಿಸಬಾರದು. ಆದರೂ ಫೋನನ್ನು ಅವನಿಗೆ ಕಾಣುವಂತೆ ಅಂಗೈ ಮೇಲೆ ಹಿಡಿದುಕೊಂಡು, ಇನ್ನೂ ಎರಡು ಸಲ ಹೊಡೆದುಕೊಳ್ಳಲಿ ಅಂತ ಹಾಗೇ ಬಿಟ್ಟೆ.